ಹರಾಜಿನ ಬೆಲೆಯೂ ಅಂಚೆಯ ಖರ್ಚೂ

ಮದ್ರಸಾಕ್ಕೆ ಮಗನನ್ನು ಬಿಡಲು ಬಂದ ಮಳವಳ್ಳಿಯ ಸಹೋದರಿಯೊಬ್ಬರು ಕೇಳಿದ ಪ್ರಶ್ನೆ ಇದು. ಪರಿಚಯದವರ ಆಲೆಮನೆಯ ಬೆಲ್ಲವನ್ನು ಐದೈದು ಕಿಲೋ ಪೆಟ್ಟಿಗೆಗಳಲ್ಲಿ ತುಂಬಿ, ಅವರು ವಾಟ್ಸಾಪ್ ಗುಂಪಿನಲ್ಲಿ ಹರಾಜಿಗಿಡುತ್ತಾರೆ. ಬೆಂಗಳೂರಿನ ಒಬ್ಬರು ಒಂದು ಪೆಟ್ಟಿಗೆಗೆ 450 ರೂಪಾಯಿ ಕೂಗಿದರು. ಹರಾಜು ಅವರಿಗೇ ನಿಂತಿತು. ಅನಂತರ ಸಹೋದರಿ, "ಭಾಯ್, ಅಂಚೆ ಖರ್ಚು 150 ಬೇರೆ" ಎಂದು ಬರೆದರು. "ಮೊದಲೇ ಏಕೆ ಹೇಳಲಿಲ್ಲ? 450ಕ್ಕೇ ಮನೆಗೆ ತಲುಪಿಸಿ" ಎಂದು ಆತ ಹಠ ಹಿಡಿದರು. ಗುಂಪಿನಲ್ಲಿ ಮಾತಿಗೆ ಮಾತು ಬೆಳೆಯಿತು. "ಹಜ್ರತ್, ತಪ್ಪು ಯಾರದು?"

ಹರಾಜು ಹಾಕಿ ಮಾರುವುದು ಧರ್ಮಸಮ್ಮತವೇ. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಹಚ್ಚಡವನ್ನೂ ಬಟ್ಟಲನ್ನೂ ತರಿಸಿ, ಪ್ರವಾದಿವರ್ಯರು(ಸ) ಸ್ವತಃ ಹರಾಜು ಹಾಕಿದ ಘಟನೆ ಅಬೂದಾವೂದ್‌ನಲ್ಲಿದೆ. ಒಬ್ಬರು ಒಂದು ದಿರ್ಹಮ್ ಎಂದರು, ಇನ್ನೊಬ್ಬರು ಎರಡಕ್ಕೆ ಕೊಂಡರು. ಆದರೆ ಅಲ್ಲಿ ವಸ್ತು ಎದುರಿಗಿತ್ತು, ಕೊಂಡವರು ಕೈಯಲ್ಲೇ ಒಯ್ದರು. ಸಾಗಣೆಯ ಪ್ರಶ್ನೆಯೇ ಏಳಲಿಲ್ಲ.

ನಮ್ಮ ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆಯನ್ನೇ ನೋಡಿ. ಅಚ್ಚು ಬೆಲ್ಲವಿರಲಿ, ಕುರಿಕಟ್ಟು ಬೆಲ್ಲವಿರಲಿ, ವರ್ತಕ ಹೇಳುವ ಬೆಲೆ ರಾಶಿ ಇದ್ದ ಜಾಗದ ಬೆಲೆ. ಅಲ್ಲಿಂದ ಮುಂದಿನ ಲಾರಿ ಬಾಡಿಗೆ ಕೊಂಡವನದು. 2014ರಲ್ಲಿ ರಾಜ್ಯಕ್ಕೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು, ವರ್ತಕರು ಕಂಪ್ಯೂಟರಿನಲ್ಲಿ ಬೆಲೆ ನಮೂದಿಸತೊಡಗಿದ ಮೇಲೂ ಈ ರೂಢಿ ಬದಲಾಗಲಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರ ರಾಜ್ಯಗಳಿಗೆ ಲಾರಿ ಹೊರಡುವಾಗಲೂ ಬಾಡಿಗೆ ಯಾರದೆಂದು ಇಬ್ಬರಿಗೂ ಗೊತ್ತಿರುತ್ತದೆ. ರೂಢಿಯಲ್ಲಿರುವುದು ಷರತ್ತು ಹಾಕಿದ್ದಕ್ಕೆ ಸಮಾನ ಎಂಬುದು ಕರ್ಮಶಾಸ್ತ್ರದ ಪ್ರಸಿದ್ಧ ನಿಯಮ. ಉಸ್ಮಾನೀ ಆಡಳಿತದಲ್ಲಿ 1869ರಿಂದ 1876ರವರೆಗೆ ಹನಫೀ ಪಂಥದ ಆಧಾರದಲ್ಲಿ ಸಿದ್ಧವಾದ 'ಮಜಲ್ಲಾ' ಎಂಬ ಕಾನೂನು ಸಂಗ್ರಹದಲ್ಲಿ ಸೌದೆ, ಇದ್ದಿಲುಗಳ ಪ್ರಸ್ತಾಪವೇ ಇದೆ. ಪ್ರಾಣಿಯ ಬೆನ್ನ ಮೇಲೆ ಹೇರಿದ ಸೌದೆಯನ್ನು ಕೊಂಡವನ ಮನೆಗೆ ಮುಟ್ಟಿಸುವ ಹೊಣೆ ಯಾರದೆಂಬುದನ್ನು ಆ ಊರಿನ ರೂಢಿ ನೋಡಿ ತೀರ್ಮಾನಿಸಬೇಕೆಂದು ಅದು ಹೇಳುತ್ತದೆ. ಯಾವ ಮಾತೂ ಆಗದಿದ್ದಲ್ಲಿ, ಮಾರಾಟದ ವೇಳೆ ಸರಕು ಎಲ್ಲಿತ್ತೋ ಅಲ್ಲೇ ಒಪ್ಪಿಸಿದರೆ ಸಾಕೆಂಬುದೂ ಅದರಲ್ಲಿದೆ.

ಹಾಗಾದರೆ ಸಹೋದರಿಯ ಪಕ್ಷವೇ ಗೆದ್ದಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ರೂಢಿ ನಡೆಯುವುದು ಇಬ್ಬರೂ ಒಂದೇ ಮಾರುಕಟ್ಟೆಯವರಾಗಿದ್ದಾಗ. ಮೊಬೈಲಿನ ಗುಂಪಿಗೆ ಊರಿಲ್ಲ. ಬೆಂಗಳೂರಿನವರಿಗೆ ಮನೆ ಬಾಗಿಲಿಗೆ ಉಚಿತವಾಗಿ ಬರುವ ಸಾಮಾನು ರೂಢಿ, ನಮ್ಮವರಿಗೆ ರಾಶಿಯ ಬೆಲೆ ರೂಢಿ. ಮೇಲಾಗಿ ಬೆಲ್ಲ ತೂಕದ ವಸ್ತು. ಬೆಲೆಯ ಮೂರನೆಯ ಒಂದು ಭಾಗದಷ್ಟು ಖರ್ಚನ್ನು ಹರಾಜು ನಿಂತ ಮೇಲೆ ಹೇಳುವುದೆಂದರೆ, ಕೂಗುವವನು ಬೆಲೆ ತಿಳಿಯದೆಯೇ ಕೂಗಿದಂತಾಯಿತು. ಹಝ್ರತ್ ಜಾಬಿರ್(ರ) ಪ್ರಯಾಣದ ನಡುವೆ ತಮ್ಮ ಒಂಟೆಯನ್ನು ಪ್ರವಾದಿವರ್ಯರಿಗೆ(ಸ) ಮಾರಿದಾಗ, ಮದೀನಾ ತಲುಪುವವರೆಗೆ ಅದರ ಮೇಲೆ ಸವಾರಿ ಮಾಡುವ ಷರತ್ತನ್ನು ವ್ಯವಹಾರದ ವೇಳೆಯಲ್ಲೇ ಇಟ್ಟರು (ಬುಖಾರಿ, ಮುಸ್ಲಿಮ್). ಪ್ರಯಾಣ ಮುಗಿದ ಮೇಲೆ ಹೇಳಿದ ಮಾತಲ್ಲ ಅದು. ಅಂಚೆಯ ಮಾತೂ ಮೊದಲ ಕೂಗಿಗೆ ಮುಂಚೆಯೇ ಆಗಬೇಕು.

ಮಾರುವವರಲ್ಲಿ ಇನ್ನೊಂದು ಚಾಳಿಯಿದೆ. ಬೆಲೆಯನ್ನು ಇಳಿಸಿ ತೋರಿಸಿ, ಅಂಚೆಯ ಹೆಸರಿನಲ್ಲಿ ಲಾಭವನ್ನು ಹಿಂದಕ್ಕೆ ಪಡೆಯುವುದು. "ಅಂಚೆಯಲ್ಲಿ ಆದಷ್ಟು ಖರ್ಚು" ಎಂದು ಹೇಳಿ 150 ಪಡೆದು, ರಸೀದಿಯಲ್ಲಿ 110 ಇದ್ದರೆ, ಉಳಿದ 40 ರೂಪಾಯಿ ಕೊಂಡವನ ಅಮಾನತ್ತು. ಕೇಳಲಿ ಬಿಡಲಿ, ಹಿಂತಿರುಗಿಸಬೇಕು. "ಕಟ್ಟುವ, ಕಳುಹಿಸುವ ವೆಚ್ಚ 150" ಎಂದು ಮೊದಲೇ ಗೊತ್ತುಪಡಿಸಿದ್ದರೆ ಅದು ಬೆಲೆಯ ಭಾಗ. ಉಳಿದರೆ ಮಾರಿದವನಿಗೆ, ಸಾಲದಿದ್ದರೂ ಮಾರಿದವನದೇ. ಈ ಖರ್ಚನ್ನು ತುಂಬಿಕೊಳ್ಳಲು ತಮ್ಮನಿಂದಲೋ ಮೈದುನನಿಂದಲೋ ಸುಳ್ಳು ಕೂಗು ಕೂಗಿಸುವವರಿದ್ದಾರೆ. ಅದನ್ನು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ನಿಷೇಧಿಸಿದ್ದಾರೆ.

ಇನ್ನು ಕೊಳ್ಳುವವರು. ಖರ್ಚು ತಿಳಿದೇ ಕೂಗಿ, ಹರಾಜು ನಿಂತ ಮೇಲೆ "ಅಂಚೆ ನೀವೇ ಹಾಕಿಕೊಳ್ಳಿ, ಇಲ್ಲದಿದ್ದರೆ ಬೇಡ" ಎನ್ನುವವರು ಮಾತು ಮುರಿಯುತ್ತಿದ್ದಾರೆ. ಅಷ್ಟರಲ್ಲಿ ಉಳಿದ ಗಿರಾಕಿಗಳು ಚದುರಿರುತ್ತಾರೆ, ನಷ್ಟ ಬಡವಿಯದು. ಅಂಥವರಿಗೆ ಹಣ ಬರುವವರೆಗೆ ಸರಕು ಕಳುಹಿಸದಿರುವುದು ಕಠೋರತೆಯಲ್ಲ. ಕೊಡುವಾಗಲೂ ಕೊಳ್ಳುವಾಗಲೂ ಉದಾರವಾಗಿರುವವನ ಮೇಲೆ ಪ್ರವಾದಿವರ್ಯರು(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ, ನಿಜ. ಆದರೆ ಸ್ವಂತ ಪಾಲಿನಿಂದ ಬಿಟ್ಟುಕೊಡುವುದೇ ಔದಾರ್ಯ. ಆಲೆಮನೆಯವರ ಬೆಲ್ಲವನ್ನು ಕಮಿಷನ್ನಿಗೆ ಮಾರುವಾಕೆ ಅವರ ಒಪ್ಪಿಗೆಯಿಲ್ಲದೆ 50 ರೂಪಾಯಿಯನ್ನೂ ಬಿಡುವಂತಿಲ್ಲ. ಗಿರಾಕಿ ಎಷ್ಟೇ ಕಾಡಲಿ, ಆತನ ಹೆಸರು, ನಂಬರುಗಳನ್ನು ಗುಂಪಿನಲ್ಲಿ ಹಾಕಿ ಮಾನ ಕಳೆಯುವುದೂ ಸಲ್ಲದು.

ಬೆಂಗಳೂರಿನವರ ವಿಷಯ ಬೇರೆ. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಪಶ್ಚಾತ್ತಾಪಪಟ್ಟವನ ವ್ಯಾಪಾರವನ್ನು ಮರಳಿ ಪಡೆಯುವವನ ತಪ್ಪುಗಳನ್ನು ಅಲ್ಲಾಹನು ಕ್ಷಮಿಸುವನೆಂಬ ಹದೀಸ್ ಅಬೂದಾವೂದ್‌ನಲ್ಲಿದೆ. ತಪ್ಪು ಮೊದಲು ನಿಮ್ಮದೇ, ವ್ಯಾಪಾರವನ್ನು ಬಿಟ್ಟುಬಿಡಲು ಒಪ್ಪಿಕೊಳ್ಳಿ ಎಂದೆ. ಸಹೋದರಿಗೆ ಬೇಸರವಾಯಿತು, ಆದರೂ ಹಾಗೆಯೇ ಬರೆದರು. ಸಂಜೆಗೆ ಉತ್ತರ ಬಂತು: "ಬೆಲ್ಲ ಬೇಡವೆಂದಲ್ಲ ಆಪಾ. ಶುಕ್ರವಾರ ನಮ್ಮ ಭಾವ ಮದ್ದೂರಿಗೆ ಬರುತ್ತಾರೆ. ಅವರ ಕೈಗೆ ಕೊಡಿ, 450 ಈಗಲೇ ಕಳುಹಿಸುತ್ತೇನೆ."

ಈಗ ಆಕೆ ಹರಾಜಿಗೆ ಮುಂಚೆ ಪೆಟ್ಟಿಗೆಯ ಸಮೇತ ತೂಕ ಮಾಡಿಸಿ, ಮಂಡ್ಯ ಜಿಲ್ಲೆಗೆ ಎಷ್ಟು, ಬೆಂಗಳೂರಿಗೆ ಎಷ್ಟು ಎಂದು ಅಂಚೆ ಕಚೇರಿಯಲ್ಲಿ ಕೇಳಿಕೊಂಡು, ಬೆಲ್ಲದ ಚಿತ್ರದ ಕೆಳಗೇ ಬರೆಯುತ್ತಾರೆ.