ಬೀದಿ ಸಂಪರ್ಕ ಮತ್ತು ನಗರ ವಿಸ್ತರಣೆ: ಮುನಿರಾಬಾದ್, ಗಂಗಾವತಿ

ಒಂದು ಕೂಡುರಸ್ತೆಗೆ ಸರಾಸರಿ ಎಷ್ಟು ಬೀದಿ ಸೇರುತ್ತವೆ ಎಂಬುದು ಬೀದಿ ಸಂಪರ್ಕದ ಸರಳ ಅಳತೆ. ಮುಂದೆ ದಾರಿಯಿಲ್ಲದ ಓಣಿಗಳು ಹೆಚ್ಚಿದಷ್ಟೂ ನಡಿಗೆ ಕಡಿಮೆ, ವಾಹನ ಜಾಸ್ತಿ.

ಮುನಿರಾಬಾದ್ ತುಂಗಭದ್ರಾ ಅಣೆಕಟ್ಟೆಯ (ಆರಂಭ 1945, ಪೂರ್ಣ 1953) ಎಡದಂಡೆಯ ಊರು. ಹೊಸಪೇಟೆ ಎದುರು ದಂಡೆಯಲ್ಲೇ ಇದ್ದರೂ ಸೇತುವೆ ದಾಟಿಯೇ ಹೋಗಬೇಕು. ನದಿ, ಕಾಲುವೆ, ರೈಲು ಹಳಿಗಳು ಬೀದಿಗಳನ್ನು ಹೀಗೇ ತುಂಡರಿಸುತ್ತವೆ.

ಈ ಊರಿರುವ ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆದರೆ 2011ರ ಜನಗಣತಿಯಂತೆ ಜಿಲ್ಲೆಯ ದೊಡ್ಡ ನಗರ ಗಂಗಾವತಿ (ಸುಮಾರು 1.14 ಲಕ್ಷ).

ಇಂಥ ನಗರ ವಿಸ್ತರಿಸುತ್ತ ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿ ಪ್ಲಾಟುಗಳಾದಾಗ ಲೇಔಟಿಗೆ ಮುಖ್ಯರಸ್ತೆಯತ್ತ ಒಂದೇ ಬಾಯಿ ಬಿಟ್ಟು, ಪಕ್ಕದ ಲೇಔಟಿಗೆ ಗೋಡೆ ಕಟ್ಟಿದರೆ ಆ ಲೋಪ ದಶಕಗಟ್ಟಲೆ ಉಳಿಯುತ್ತದೆ. ಮನೆ ಒಡೆದು ಕಟ್ಟಬಹುದು, ಬೀದಿ ಸರಿಸುವುದು ಕಷ್ಟ. ಲೇಔಟ್ ಮಂಜೂರಾತಿಗೆ ಆಧಾರ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961, ಕಲಂ 17.