ಲೆಕ್ಕ ಬರೆಯುವವರ ಧರ್ಮ: ಸಂದೇಹದ ವೆಚ್ಚ ಮತ್ತು ಸುಳ್ಳು ವೆಚ್ಚ

ನಮ್ಮ ಕನ್ನಡ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ, ಗಣಿತದ ಮೇಷ್ಟ್ರಾಗಿದ್ದ ನನಗೆ ಲೆಕ್ಕಕ್ಕೆ ಸಂಬಂಧಿಸಿದ ವಿಷಯವೇ ಹೊಳೆದುದು ಸಹಜ. ಆದೋನಿ ತಾಲ್ಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಆದರೂ ಉರುಕುಂದದ ಸುತ್ತಮುತ್ತಲ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಇಲ್ಲಿ ಕನ್ನಡದಲ್ಲಿ ಮಗ್ಗಿ ಕಲಿತ ಮಕ್ಕಳಲ್ಲಿ ಕೆಲವರು ಆದೋನಿಯ ಹತ್ತಿ ಮಂಡಿಗಳಲ್ಲಿಯೂ ಎಣ್ಣೆ ಗಿರಣಿಗಳಲ್ಲಿಯೂ ಗುಮಾಸ್ತರಾಗಿದ್ದಾರೆ. ಕೆಲವರು ತೆರಿಗೆ ಸಲಹೆಗಾರರಾಗಿದ್ದಾರೆ. ವ್ಯಾಪಾರಿಯು ತಂದುಕೊಡುವ ವೆಚ್ಚದ ಚೀಟಿಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಅವರಿಗೆ ಪ್ರತಿವರ್ಷವೂ ಎದುರಾಗುತ್ತದೆ. ಅದನ್ನೇ ಇಲ್ಲಿ ಪಾಠದ ರೂಪದಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಮೊದಲು ಮೂಲ ಸೂತ್ರವನ್ನು ತಿಳಿಯೋಣ. ತೆರಿಗೆ ಬೀಳುವುದು ವ್ಯಾಪಾರದ ಒಟ್ಟು ವಸೂಲಿಯ ಮೇಲಲ್ಲ, ವೆಚ್ಚ ಕಳೆದು ಉಳಿದ ಲಾಭದ ಮೇಲೆ. ಆದುದರಿಂದ ವೆಚ್ಚ ಹೆಚ್ಚಿದಷ್ಟೂ ತೆರಿಗೆ ಕಡಿಮೆಯಾಗುತ್ತದೆ. ಯಾವ ವೆಚ್ಚವನ್ನು ಕಳೆಯಬಹುದೆಂಬುದನ್ನು 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮು ಹೇಳಿತು. ವೆಚ್ಚವು ಸಂಪೂರ್ಣವಾಗಿಯೂ ಕೇವಲ ವ್ಯಾಪಾರಕ್ಕಾಗಿಯೂ ಆಗಿರಬೇಕು, ಸ್ವಂತದ ವೆಚ್ಚವಾಗಿರಬಾರದು, ಕಟ್ಟಡ, ಯಂತ್ರಗಳಂತಹ ಬಂಡವಾಳ ವೆಚ್ಚವೂ ಆಗಿರಬಾರದು. 2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯಿದೆಯನ್ನು ಅಂಗೀಕರಿಸಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿತು. ಕಲಮುಗಳ ಸಂಖ್ಯೆ ಬದಲಾಯಿತೇ ಹೊರತು ಈ ಮೂಲ ಸೂತ್ರ ಬದಲಾಗಲಿಲ್ಲ. ಇಲ್ಲಿ ನಾನು ಹೇಳುವ ಸಂಖ್ಯೆಗಳು 1961ರ ಕಾಯಿದೆಯವು.

ಆ ವೆಚ್ಚ ಅನಿವಾರ್ಯವಾಗಿತ್ತೆಂದು ವ್ಯಾಪಾರಿಯು ಸಾಧಿಸಬೇಕಾಗಿಲ್ಲ. ವ್ಯಾಪಾರಕ್ಕಾಗಿ ಮಾಡಿದ್ದೆಂದು ತೋರಿಸಿದರೆ ಸಾಕು. ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಸಸೂನ್ ಡೇವಿಡ್ ಕಂಪನಿಯ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹಮಾಲರಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟದ್ದು ಅಗತ್ಯವಿತ್ತೇ ಎಂದು ಕೇಳುವ ಅಧಿಕಾರ ಲೆಕ್ಕ ಬರೆಯುವವನಿಗಿಲ್ಲ. ಅದು ನಿಜವಾಗಿ ಹಮಾಲರಿಗೆ ಸೇರಿತೇ ಎಂದು ಕೇಳುವ ಕರ್ತವ್ಯ ಮಾತ್ರ ಅವನಿಗಿದೆ.

ಇನ್ನು ಉದಾಹರಣೆಗಳಿಗೆ ಬರೋಣ. ಒಬ್ಬ ಹತ್ತಿ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಅಂಗಡಿಯ ಬಾಡಿಗೆ, ದಲಾಲಿ, ಹಮಾಲಿ, ಲಾರಿ ಬಾಡಿಗೆ, ಗುಮಾಸ್ತರ ಸಂಬಳ ಇವುಗಳ ಬಗ್ಗೆ ತಕರಾರಿಲ್ಲ. ಅವನ ಕಾರಿನ ವೆಚ್ಚ ವರ್ಷಕ್ಕೆ 2,40,000 ರೂಪಾಯಿ ಎನ್ನೋಣ. ಅದೇ ಕಾರಿನಲ್ಲಿ ಮಂಡಿಗೂ ಹೋಗುತ್ತಾನೆ, ಮನೆಯವರನ್ನು ಮದುವೆ ಮುಂಜಿಗಳಿಗೂ ಕರೆದೊಯ್ಯುತ್ತಾನೆ. ಓಡಾಟದಲ್ಲಿ ಮೂರನೆಯ ಒಂದು ಭಾಗ ಮನೆಗೆಂದು ತಿಳಿದುಬಂದರೆ 80,000 ರೂಪಾಯಿಯನ್ನು ಬಿಟ್ಟು 1,60,000 ರೂಪಾಯಿಯನ್ನು ಮಾತ್ರ ವ್ಯಾಪಾರದ ವೆಚ್ಚವೆಂದು ತೋರಿಸುವುದು ಸರಿಯಾದ ಕ್ರಮ. ದೀಪಾವಳಿಗೆ ಕೆಲಸಗಾರರಿಗೆ ಕೊಟ್ಟ ಸಿಹಿ, ಬಟ್ಟೆ, ಇನಾಮು ವ್ಯಾಪಾರದ ವೆಚ್ಚಗಳೇ. ಆದರೆ ಶ್ರಾವಣ ಮಾಸದಲ್ಲಿ ನಮ್ಮ ಈರಣ್ಣಸ್ವಾಮಿಯ ಸನ್ನಿಧಿಗೆ ಬರುವ ಭಕ್ತರಿಗೆ ಅವನು ಮಾಡಿಸಿದ ಅನ್ನದಾನ ಪುಣ್ಯಕಾರ್ಯವೇ ಹೊರತು ವ್ಯಾಪಾರವಲ್ಲ. ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಬೇರೆ ನಿಯಮಗಳಿವೆ. ವ್ಯಾಪಾರ ವೆಚ್ಚದ ಅಂಕಣದಲ್ಲಿ ಅದಕ್ಕೆ ಸ್ಥಳವಿಲ್ಲ.

ನಗದು ಪಾವತಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ಹಣವನ್ನು ನಗದಾಗಿ ಕೊಟ್ಟರೆ ಆ ವೆಚ್ಚವನ್ನು ಒಪ್ಪಲಾಗದು. 2017ರವರೆಗೆ ಈ ಮಿತಿ 20,000 ರೂಪಾಯಿ ಇತ್ತು. ಆದರೆ ಬೆಳೆದ ರೈತನಿಂದಲೇ ಕೃಷಿ ಉತ್ಪನ್ನವನ್ನು ಕೊಂಡು ಹಣ ಕೊಟ್ಟಾಗ ಇದಕ್ಕೆ ವಿನಾಯಿತಿ ಇದೆ. ರೈತನ ಅನುಕೂಲಕ್ಕಾಗಿ ಇರುವ ಈ ಬಾಗಿಲಲ್ಲಿ ಬೇರೆಯವರೂ ನುಸುಳಲು ನೋಡುತ್ತಾರೆ. ಇನ್ನೊಬ್ಬ ವ್ಯಾಪಾರಿಯಿಂದ ನಗದಿಗೆ ಕೊಂಡ ಹತ್ತಿಯನ್ನು ರೈತನ ಹೆಸರಿನಲ್ಲಿ ಬರೆಯಿರೆಂದು ಹೇಳುವವರಿದ್ದಾರೆ. ಬಲ್ಲ ಗುಮಾಸ್ತನು ಆಗ ಜಗಳಕ್ಕೆ ಹೋಗುವುದಿಲ್ಲ. ಮಾರುಕಟ್ಟೆ ಸಮಿತಿಯ ಚೀಟಿ ಎಲ್ಲಿದೆ, ರೈತನ ಊರು ಯಾವುದು, ಅವನ ರುಜು ಎಲ್ಲಿದೆ ಎಂದು ಕೇಳುತ್ತಾನೆ. ಸತ್ಯವಾದ ವೆಚ್ಚಕ್ಕೆ ಉತ್ತರ ಕೂಡಲೇ ದೊರೆಯುತ್ತದೆ.

‘ಇತರ ವೆಚ್ಚ’ ಎಂಬ ಸಾಲಿನಲ್ಲಿ ಅಡಗುವ ಮಾಮೂಲು ಮತ್ತೊಂದು ಬಗೆ. ಅಪರಾಧಕ್ಕಾಗಿ ಅಥವಾ ಕಾನೂನು ನಿಷೇಧಿಸಿದ ಕಾರ್ಯಕ್ಕಾಗಿ ಮಾಡಿದ ವೆಚ್ಚವನ್ನು ಕಳೆಯಲಾಗದೆಂದು 1998ರಲ್ಲಿ ಕಾಯಿದೆಗೆ ವಿವರಣೆ ಸೇರಿಸಿ, ಅದನ್ನು 1962ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಔಷಧ ಕಂಪನಿಯೊಂದು ವೈದ್ಯರಿಗೆ ನೀಡಿದ ಉಡುಗೊರೆಗಳ ವೆಚ್ಚವನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಇದೇ ಆಧಾರದ ಮೇಲೆ ನಿರಾಕರಿಸಿತು. ಹಾಗೆಂದು ಸರಕಾರದ ಪರವಾನಗಿಗೆ ಸಂಬಂಧಿಸಿದ ಪ್ರತಿಯೊಂದು ಪಾವತಿಯೂ ಲಂಚವಲ್ಲ. ಆಂಧ್ರದ ಶ್ರೀ ವೆಂಕಟ ಸತ್ಯನಾರಾಯಣ ಅಕ್ಕಿ ಗಿರಣಿ ಗುತ್ತಿಗೆದಾರರು ಅಕ್ಕಿಯನ್ನು ಹೊರರಾಜ್ಯಕ್ಕೆ ಕಳುಹಿಸುವ ಪರವಾನಗಿಗಾಗಿ ಜಿಲ್ಲಾ ಕಲ್ಯಾಣ ನಿಧಿಗೆ ವಂತಿಗೆ ಕೊಟ್ಟಿದ್ದರು. ಅದು ವ್ಯಾಪಾರದ ವೆಚ್ಚವೇ ಎಂದು ಅದೇ ನ್ಯಾಯಾಲಯ ಒಪ್ಪಿತು. ಆ ಹಣ ಬಹಿರಂಗವಾಗಿ ಸಾರ್ವಜನಿಕ ನಿಧಿಗೆ ಸೇರಿತ್ತೇ ಹೊರತು ಯಾರ ಜೇಬಿಗೂ ಅಲ್ಲ.

ಇಲ್ಲಿಯೇ ಈ ಪಾಠದ ಮುಖ್ಯಾಂಶವಿದೆ. ಸಂದೇಹದ ವೆಚ್ಚ ಬೇರೆ, ಸುಳ್ಳು ವೆಚ್ಚ ಬೇರೆ. ಸಂದೇಹದ ವೆಚ್ಚದಲ್ಲಿ ನಡೆದ ಸಂಗತಿ ನಿಜ. ಕಾನೂನು ಅದನ್ನು ಒಪ್ಪುವುದೇ ಎಂಬುದಷ್ಟೇ ಪ್ರಶ್ನೆ. ಸುಳ್ಳು ವೆಚ್ಚದಲ್ಲಿ ಸಂಗತಿಯೇ ನಡೆದಿಲ್ಲ, ಅಥವಾ ನಡೆದದ್ದಕ್ಕೆ ಬೇರೆ ಹೆಸರಿಟ್ಟಿದೆ. ಮೊದಲನೆಯದನ್ನು ಮುಚ್ಚಿಡದೆ, ವಿವರಣೆಯೊಡನೆ ತೋರಿಸಿ ಕೇಳಬಹುದು. ಎಲ್ಲ ಸಂಗತಿಗಳನ್ನು ತಿಳಿಸಿ ಪ್ರಾಮಾಣಿಕ ವಿವರಣೆ ಕೊಟ್ಟವನು, ಅಧಿಕಾರಿಯು ವೆಚ್ಚವನ್ನು ಒಪ್ಪದಿದ್ದರೂ, ದಂಡದಿಂದ ಪಾರಾಗಲು 270ಎ ಕಲಮು ಅವಕಾಶ ಕೊಟ್ಟಿದೆ. ಸುಳ್ಳಿಗೆ ಅದೇ ಕಲಮು ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡವನ್ನು ವಿಧಿಸುತ್ತದೆ. ಲೆಕ್ಕ ಮಾಡಿ ನೋಡಿರಿ: ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುವವನು ಒಂದು ಲಕ್ಷದ ಸುಳ್ಳು ವೆಚ್ಚ ಬರೆಸಿ ಉಳಿಸುವುದು 30,000 ರೂಪಾಯಿ. ಸಿಕ್ಕಿಬಿದ್ದರೆ ತೆರಿಗೆ 30,000, ದಂಡ 60,000, ಒಟ್ಟು 90,000; ಬಡ್ಡಿ ಬೇರೆ. ಸುಳ್ಳು ಲೆಕ್ಕವನ್ನು ಪ್ರೇರೇಪಿಸಿದವನಿಗೆ ಅಥವಾ ಅದಕ್ಕೆ ನೆರವಾದವನಿಗೆ 278ನೆಯ ಕಲಮು ಸೆರೆವಾಸವನ್ನೂ ಹೇಳಿದೆ.

ಹಾಗಾದರೆ ಲೆಕ್ಕ ಬರೆಯುವವನು ಅಧಿಕಾರಿಗಳಿಗೆ ದೂರು ಕೊಡಬೇಕೇ? ಇಲ್ಲ. ಗಿರಾಕಿಯ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ ಹೊರಗೆ ಹೇಳುವುದು 1949ರ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆಯ ಪ್ರಕಾರ ವೃತ್ತಿದೋಷ. ತನಗೆ ಗೊತ್ತಿರುವ ಮುಖ್ಯ ಸಂಗತಿಯನ್ನು ಮುಚ್ಚಿ ಲೆಕ್ಕಪತ್ರಕ್ಕೆ ರುಜು ಹಾಕುವುದೂ ವೃತ್ತಿದೋಷವೇ. ಈ ಎರಡರ ನಡುವಣ ದಾರಿ ಇದು: ಕೇಳುವುದು, ತಿದ್ದುವಂತೆ ತಿಳಿಹೇಳುವುದು, ಲೆಕ್ಕಪರಿಶೋಧನೆಯ ವರದಿಯಲ್ಲಿ ಆಕ್ಷೇಪವನ್ನು ಬರೆಯುವುದು, ಗಿರಾಕಿ ಒಪ್ಪದೆ ಸುಳ್ಳಿಗೇ ಅಂಟಿಕೊಂಡರೆ ಪುಸ್ತಕಗಳನ್ನು ಹಿಂತಿರುಗಿಸಿ ಕೈಮುಗಿಯುವುದು.

ಇದು ಹೇಳಿದಷ್ಟು ಸುಲಭವಲ್ಲ. ತೆರಿಗೆ ಸಲಹೆಗಾರನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಒಬ್ಬ ವ್ಯಾಪಾರಿ ಮಗಳ ಮದುವೆಯ ಊಟದ ಖರ್ಚನ್ನು ‘ಗಿರಾಕಿಗಳ ಸಮಾವೇಶ’ ಎಂದು ಬರೆಯಲು ಹೇಳಿದರಂತೆ. ಬಂದವರಲ್ಲಿ ಅರ್ಧದಷ್ಟು ಜನ ವ್ಯಾಪಾರಿಗಳೇ ಎಂಬುದು ಅವರ ವಾದ. “ಸಾಹುಕಾರರೇ, ಬಂದವರು ವ್ಯಾಪಾರಿಗಳಿರಬಹುದು, ನಡೆದದ್ದು ಮದುವೆಯಲ್ಲವೇ?” ಎಂದು ಇವನು ವಿನಯದಿಂದಲೇ ಕೇಳಿದ. “ನೀನು ಬರೆಯದಿದ್ದರೆ ಪಕ್ಕದ ಬೀದಿಯವನು ಬರೆಯುತ್ತಾನೆ” ಎಂದು ಅವರು ಪುಸ್ತಕಗಳನ್ನು ಎತ್ತಿಕೊಂಡು ಹೋದರು, ಮರಳಿ ಬರಲಿಲ್ಲ. ಆ ವರ್ಷ ಮಕ್ಕಳ ಶುಲ್ಕ ಕಟ್ಟಲು ಇವನು ಸಾಲ ಮಾಡಬೇಕಾಯಿತು. “ಸಾರ್, ನಷ್ಟವಾಯಿತು ನಿಜ, ಆದರೆ ನೋಟೀಸು ಬಂದರೆ ಉತ್ತರ ಬರೆಯಬೇಕಾದವನು ನಾನೇ ಅಲ್ಲವೇ?” ಎಂದು ಅವನು ನನಗೆ ಹೇಳಿದ. ಇಂತಹ ನಷ್ಟಕ್ಕೆ ಯಾವ ಕಾಯಿದೆಯೂ ಪರಿಹಾರ ಕೊಡುವುದಿಲ್ಲ. ಅದನ್ನು ಮರೆಮಾಚಿ ಮಕ್ಕಳಿಗೆ ನೀತಿ ಹೇಳುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇನೆ.

ಆದುದರಿಂದ ಈ ವೃತ್ತಿಗೆ ಹೋಗುವ ವಿದ್ಯಾರ್ಥಿಗಳು ಐದು ಪ್ರಶ್ನೆಗಳನ್ನು ಮಗ್ಗಿಯಂತೆ ಕಂಠಪಾಠ ಮಾಡಲಿ: ಹಣ ಯಾರಿಗೆ ಹೋಯಿತು? ಯಾವಾಗ ಹೋಯಿತು? ಯಾತಕ್ಕಾಗಿ ಹೋಯಿತು? ಯಾವ ರೀತಿಯಲ್ಲಿ ಹೋಯಿತು? ಅದಕ್ಕೆ ಆಧಾರವೇನು? ಇವನ್ನು ಲೆಕ್ಕಪತ್ರ ಸಲ್ಲಿಸುವ ಕಡೆಯ ದಿನ ಕೇಳಿದರೆ ಗಿರಾಕಿಗೆ ಸಿಟ್ಟು ಬರುತ್ತದೆ. ಖರ್ಚಾದ ದಿನವೇ ಕಿರ್ದಿಯಲ್ಲಿ ಬರೆಯುವಾಗ ಕೇಳಿದರೆ ಅದೇ ಅವನಿಗೂ ರೂಢಿಯಾಗುತ್ತದೆ. ವರ್ಷದ ಕೊನೆಯ ಮನಸ್ತಾಪಗಳಲ್ಲಿ ಬಹುಪಾಲು ಹೀಗೆಯೇ ತಪ್ಪುತ್ತವೆ. ತೆರಿಗೆಯ ಹಣದಿಂದಲೇ ಸರಕಾರಿ ಶಾಲೆಗಳೂ ರಸ್ತೆಗಳೂ ಆಸ್ಪತ್ರೆಗಳೂ ನಡೆಯಬೇಕೆಂಬುದನ್ನು ಅವರು ಮರೆಯದಿರಲಿ. ನಮ್ಮ ಶಾಲೆಯ ಮಕ್ಕಳು ಬರೆದ ಲೆಕ್ಕವನ್ನು ಯಾರು ಬೇಕಾದರೂ ತೆರೆದು ನೋಡಬಹುದೆಂಬ ಹೆಸರು ಉಳಿಯಲಿ ಎಂದು ಹಾರೈಸುತ್ತೇನೆ.