ಬೇಸಿಗೆಯ ಕೆಂಡದಡಿಗೆಗೆ ಮಾಂಸದ ಆಯ್ಕೆ

ಬೇಸಿಗೆ ಬಂತೆಂದರೆ ಜೇವರ್ಗಿ ತಾಲ್ಲೂಕಿನ ಇಜೇರಿ ಸುತ್ತಲಿನ ಗ್ರಾಮಗಳಲ್ಲಿ ಹೊಲದ ಕೆಲಸ ಕಡಿಮೆಯಾಗಿ ಜಾತ್ರೆ, ಮದುವೆ, ಬೀಗರ ಊಟಗಳು ಹೆಚ್ಚುತ್ತವೆ. ಮಾಂಸಾಹಾರಿ ಕುಟುಂಬಗಳು ಕುರಿ ಅಥವಾ ಆಡಿನ ಮಾಂಸವನ್ನು ತಂದು, ಕೆಲವಷ್ಟನ್ನು ಸಾರಿಗೆ ಹಾಕಿ, ಉಳಿದುದನ್ನು ಕೆಂಡದ ಮೇಲೆ ಸುಟ್ಟು ತಿನ್ನುವುದುಂಟು. ಇದರಲ್ಲಿ ತಪ್ಪಿಲ್ಲ. ಆದರೆ ಎಂತಹ ಮಾಂಸವನ್ನು ತರಬೇಕು, ಹೇಗೆ ಸುಡಬೇಕು, ಯಾರಿಗೆ ಎಷ್ಟು ಬಡಿಸಬೇಕು ಎಂಬುದನ್ನು ಪತಿಪತ್ನಿಯರು ಕೂಡಿ ಯೋಚಿಸುವುದು ಅವಶ್ಯ.

ಕೊಬ್ಬಿಲ್ಲದ 100 ಗ್ರಾಂ ಆಡಿನ ಮಾಂಸದಲ್ಲಿ ಸುಮಾರು 21 ಗ್ರಾಂ ಸಸಾರಜನಕವೂ 4 ಗ್ರಾಂಗಿಂತ ಕಡಿಮೆ ಕೊಬ್ಬೂ ಇರುತ್ತವೆ. ಅಷ್ಟೇ ತೂಕದ ಕುರಿಯ ಮಾಂಸದಲ್ಲಿ ಕೊಬ್ಬು ಸುಮಾರು 13 ಗ್ರಾಂ. ಆದುದರಿಂದ ಸುಡುವುದಕ್ಕೆ ಆಡಿನ ತೊಡೆಯ ಭಾಗವು ಉತ್ತಮ. ಕುರಿಯ ಮಾಂಸವನ್ನೇ ತಂದರೆ ಮೇಲಿನ ಬಿಳಿ ಕೊಬ್ಬನ್ನು ಕೊಯ್ದು ತೆಗೆಯಬೇಕು.

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂತಹ ಸೆಕೆಯಲ್ಲಿ ಹಸಿ ಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹೊರಗೆ ಇಡತಕ್ಕದ್ದಲ್ಲ. ಮುಂಜಾನೆಯೇ ಕಣ್ಣೆದುರಿಗೆ ಕಡಿಸಿ, ಮುಚ್ಚಿದ ಪಾತ್ರೆಯಲ್ಲಿ ತಂದು, ಕೂಡಲೇ ಬೇಯಿಸುವುದು ಲೇಸು. ಒಳ್ಳೆಯ ಮಾಂಸವನ್ನು ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುತ್ತದೆ. ಅಂಟಾಗಿರುವುದಿಲ್ಲ, ದುರ್ವಾಸನೆ ಇರುವುದಿಲ್ಲ. ಅರಿಶಿನ, ನಿಂಬೆರಸ, ಮೊಸರುಗಳನ್ನು ಹಚ್ಚಿಟ್ಟರೆ ಮಾಂಸ ಕೆಡುವುದಿಲ್ಲವೆಂದು ಹಲವರು ನಂಬಿದ್ದಾರೆ. ಅವು ರುಚಿಯನ್ನೂ ಮೃದುತ್ವವನ್ನೂ ಕೊಡುತ್ತವೆಯೇ ಹೊರತು ತಾಪದಿಂದ ಕಾಪಾಡುವುದಿಲ್ಲ.

ರೋಗದಿಂದಲೋ ತಾನಾಗಿಯೋ ಸತ್ತ ಕುರಿಯ ಮಾಂಸವು ಅಗ್ಗವಾಗಿ ಸಿಕ್ಕಿದರೂ ಮುಟ್ಟಬಾರದು. ನೆರಡಿ ರೋಗದಿಂದ ಸತ್ತುದಾಗಿದ್ದರೆ ಕೊಯ್ದವರ ಕೈಗೇ ರೋಗ ತಗಲುತ್ತದೆ. ಅದರ ಬೀಜಾಣುಗಳು ಸಾಮಾನ್ಯ ಅಡಿಗೆಯ ಶಾಖಕ್ಕೆ ಸಾಯುತ್ತವೆಂಬ ಭರವಸೆಯಿಲ್ಲ. ಪಶು ಚಿಕಿತ್ಸಾಲಯಕ್ಕೆ ತಿಳಿಸತಕ್ಕದ್ದು.

ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯೂ, ಕರಿದಾಗಿ ಸೀದ ಭಾಗವೂ ಆರೋಗ್ಯಕ್ಕೆ ಒಳ್ಳೆಯವಲ್ಲ. ಉರಿ ಆರಿ ಕೆಂಡವಾದ ಮೇಲೆ ಸಣ್ಣ ತುಂಡುಗಳನ್ನು ಆಗಾಗ ತಿರುವುತ್ತ ಸುಡಬೇಕು. ಸೀದುದನ್ನು ಕೆರೆದು ತೆಗೆಯಬೇಕು. ಆದರೆ ಒಳಗೆ ಕೆಂಪು ಉಳಿಯಕೂಡದು. ಅರೆಬೆಂದ ಮಾಂಸವು ಎಲ್ಲರಿಗೂ ಅಪಾಯಕರ. ಗರ್ಭಿಣಿಗಂತೂ ಅದರಿಂದ ಗರ್ಭಸ್ಥ ಶಿಶುವಿಗೆ ತಗಲುವ ಸೋಂಕುಗಳಿವೆ.

ಇನ್ನು ಬಡಿಸುವ ವಿಷಯ. ಒಮ್ಮೆ ಬಸುರಿಯೊಬ್ಬರನ್ನು ಪರೀಕ್ಷಿಸುತ್ತಿದ್ದಾಗ, ಮನೆಯಲ್ಲಿ ವಾರಕ್ಕೊಮ್ಮೆ ಮಾಂಸದಡಿಗೆ ಇರುತ್ತದೆಂದು ಪತಿಯು ಹೆಮ್ಮೆಯಿಂದ ತಿಳಿಸಿದರು. ಆಕೆಯ ಕಣ್ಣಿನ ಒಳರೆಪ್ಪೆಗಳು ಬಿಳಿಚಿಕೊಂಡಿದ್ದವು. ನಿಮಗೆಷ್ಟು ಸಿಗುತ್ತದೆ ಎಂದು ಕೇಳಿದೆ. "ಸಾರು ಉಳಿತದ್ರಿ ಸಾಹೇಬ್ರ" ಎಂದರು. ಪತಿಯು ತಲೆ ತಗ್ಗಿಸಿದರು. ಅವರು ಕೆಟ್ಟವರಲ್ಲ, ಅದುವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದ್ದಿತು. ಮುಟ್ಟು, ಬಸಿರು, ಬಾಣಂತನಗಳಿಂದ ಸ್ತ್ರೀಗೆ ಕಬ್ಬಿಣಾಂಶದ ಅವಶ್ಯಕತೆ ಪುರುಷನಿಗಿಂತ ಹೆಚ್ಚು. ಮಾಂಸದಲ್ಲಿನ ಕಬ್ಬಿಣಾಂಶವು ಸುಲಭವಾಗಿ ರಕ್ತಕ್ಕೆ ಸೇರುವುದಲ್ಲದೆ, ಜೊತೆಗೆ ತಿಂದ ಜೋಳದ ರೊಟ್ಟಿ, ಸೊಪ್ಪುಗಳಲ್ಲಿನ ಕಬ್ಬಿಣಾಂಶವೂ ಹೆಚ್ಚು ದಕ್ಕುವಂತೆ ಮಾಡುತ್ತದೆ. ಹೀಗಿದ್ದೂ ಗಂಡಸರು ಮೊದಲು ಉಂಡು ಹೆಂಗಸರು ಕಡೆಗೆ ಉಣ್ಣುವ ಮನೆಯಲ್ಲಿ ತುಂಡುಗಳೆಲ್ಲ ಮೊದಲ ಪಂಕ್ತಿಗೇ ಮುಗಿಯುತ್ತವೆ. ಒಟ್ಟಿಗೆ ಕುಳಿತು ಉಣ್ಣುವುದು ಸಾಧ್ಯವಿಲ್ಲದಿದ್ದರೆ, ಬಡಿಸುವ ಮುನ್ನವೇ ಆಕೆಯ ಪಾಲನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಡಿರಿ. ಅತ್ತೆಯವರು ಇದನ್ನು ಮಾಡಿದರೆ ಇನ್ನೂ ಮೇಲು.

ಪಿತ್ತಜನಕಾಂಗದಲ್ಲಿ ಕಬ್ಬಿಣಾಂಶ ಹೇರಳವಾಗಿದ್ದರೂ ಎ ಜೀವಸತ್ವವು ಅತಿಯಾಗಿರುವುದರಿಂದ ಗರ್ಭಿಣಿಯು ಅದನ್ನು ತಿನ್ನದಿರುವುದು ಲೇಸು. ಮಾಂಸ ಸೇವಿಸಿದರೂ ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ನುಂಗತಕ್ಕದ್ದು. ಹೆರಿಗೆಯ ನಂತರವೂ ಅಷ್ಟೇ ದಿನ. ಊಟದೊಂದಿಗೂ ಮಾತ್ರೆಯೊಂದಿಗೂ ಚಹ ಬೇಡ. ಒಂದು ತಾಸು ಕಳೆದ ಮೇಲೆ ಕುಡಿಯಬಹುದು.